ಬಂತಣ್ಣನ ಕಿಟಕಿ

ನನ್ನ ಭಾವನನ್ನು ಅವರ ಪ್ರಯೋಗಾಲಯದಲ್ಲಿ ಎಲ್ಲರೂ ಬಂತಣ್ಣ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಅದು ಎದೆಗೆ ಸಿಕ್ಕಿಸಿಕೊಳ್ಳುವ ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿತ್ತು. ವರ್ಷಗಟ್ಟಲೆ ಒಂದೇ ಕುರ್ಚಿಯಲ್ಲಿ ಕೂತು, ಒಂದೇ ಕಿಟಕಿಯೊಳಗೆ ನೋಡುತ್ತ, ಸರಿಯಾದ ಗಳಿಗೆಗೆ "ಬಂತು" ಎನ್ನುವುದು ಅವರ ಕೆಲಸ. ಹಾಗಾಗಿ ಆ ಹೆಸರು ಅಂಟಿಕೊಂಡಿತು. ನೆಂಟರಲ್ಲಿ ಯಾರಾದರೂ "ನಿಮ್ಮ ಯಜಮಾನ್ರು ಏನು ಕೆಲಸ ಮಾಡ್ತಾರೆ?" ಎಂದು ಕೇಳಿದರೆ ಅಕ್ಕ, "ಕಿಟಕೀಲಿ ನೋಡ್ತಾ ಕೂತಿರ್ತಾರೆ" ಎಂದುಬಿಡುತ್ತಿದ್ದಳು. ಕೇಳಿದವರು, ಪಾಪ, ಭಾವ ಎಲ್ಲೋ ಕಾವಲುಗಾರರಿರಬೇಕು ಎಂದುಕೊಳ್ಳುತ್ತಿದ್ದರು.

ಆ ಕಿಟಕಿ ಅಂಗೈಯಷ್ಟೂ ಅಗಲವಿಲ್ಲ. ದಪ್ಪ ಉಕ್ಕಿನ ಒಂದು ಡಬ್ಬಿ, ಅದರ ಹೊಟ್ಟೆಗೆ ಇಟ್ಟಿಗೆಯಷ್ಟು ದಪ್ಪದ ಗಾಜು, ಹಿಂದುಗಡೆ ಒಂದು ದೀಪ. ಅಲ್ಲಿನವರು ಅದಕ್ಕೆ ಸೆಲ್ ಎನ್ನುತ್ತಾರೆ; ನಾನು ಡಬ್ಬಿ ಎನ್ನುತ್ತೇನೆ, ಭಾವ ಸಿಟ್ಟಾಗುತ್ತಾರೆ. ನೆಲದಡಿಯ ಗ್ಯಾಸ್ ಬಾವಿಗಳಿಂದ ಸ್ಯಾಂಪಲ್ ಬಂದಾಗ ಅದನ್ನು ಆ ಡಬ್ಬಿಗೆ ತುಂಬಿ, ಬಾವಿಯೊಳಗೆ ಎಷ್ಟು ಬಿಸಿ ಇರುತ್ತದೋ ಅಷ್ಟೇ ಬಿಸಿ ಮಾಡಿ, ಎಷ್ಟು ಒತ್ತಡ ಇರುತ್ತದೋ ಅಷ್ಟೇ ಒತ್ತಡ ಕೊಟ್ಟು, ಆಮೇಲೆ ನಿಧಾನವಾಗಿ ಇಳಿಸುತ್ತ ಬರುತ್ತಾರೆ.

ಯಾವುದನ್ನೇ ಆಗಲಿ ಒತ್ತಿದರೆ ಗಟ್ಟಿಯಾಗಬೇಕು, ಬಿಟ್ಟರೆ ಸಡಿಲವಾಗಬೇಕು. ಅದು ನಮ್ಮ ನಿಮ್ಮ ತಿಳಿವಳಿಕೆ. ಈ ಗ್ಯಾಸಿನದು ಉಲ್ಟಾ ಬುದ್ಧಿ. ಒತ್ತಿ ಹಿಡಿದಷ್ಟು ಹೊತ್ತು ತಿಳಿಯಾದ ಗ್ಯಾಸಾಗಿಯೇ ಇರುತ್ತದೆ. ಒತ್ತಡ ಇಳಿಸುತ್ತ ಬಂದರೆ ಒಂದು ಹಂತದಲ್ಲಿ ಇಬ್ಬನಿ ಬಿಡುತ್ತದೆ, ಪೆಟ್ರೋಲಿನಂಥ ದ್ರವ ಹನಿಹನಿಯಾಗಿ ಹುಟ್ಟುತ್ತದೆ. ಮೊದಲ ಸಲ ಭಾವ ಇದನ್ನು ವಿವರಿಸಿದಾಗ ನನ್ನ ತಲೆಗೆ ಹತ್ತಲಿಲ್ಲ.

"ನಿಮ್ಮಕ್ಕನ್ನ ನೋಡು," ಎಂದರು ಭಾವ. "ಮನೆ ತುಂಬ ಜನ, ಮೈ ತುಂಬ ಕೆಲಸ ಇದ್ದಾಗ ಕಲ್ಲು ಹಾಗಿರ್ತಾಳೆ. ಎಲ್ಲಾ ಮುಗಿದು, ಜನ ಹೋಗಿ, ಆರಾಮಾಗಿ ಕೂತ ಮೇಲೆ ಕಣ್ಣೀರು ಹಾಕ್ತಾಳೆ. ಅದೇ ಇದು."

ಅಕ್ಕ ಅಡುಗೆಮನೆಯಿಂದ, "ನನ್ನನ್ನೂ ಡಬ್ಬೀಲಿ ಹಾಕಿ ನೋಡಿ" ಎಂದಳು. ನನಗಂತೂ ಆವತ್ತು ಅರ್ಥವಾದದ್ದು ಮತ್ತೆ ಮರೆತಿಲ್ಲ.

ಆ ಇಬ್ಬನಿ ಯಾವ ಒತ್ತಡದಲ್ಲಿ ಶುರುವಾಗುತ್ತದೆ ಎಂದು ತಿಳಿಯದೆ ಬಾವಿಯನ್ನು ಬಿಚ್ಚಿಬಿಟ್ಟರೆ, ಆ ದ್ರವ ಮೇಲೆ ಬರುವ ಬದಲು ನೆಲದಡಿಯ ಬಂಡೆಯ ಸಣ್ಣ ಸಣ್ಣ ರಂಧ್ರಗಳಲ್ಲೇ ಕೂತುಬಿಡುತ್ತದೆಯಂತೆ. ತಾನೂ ಬರುವುದಿಲ್ಲ, ಹಿಂದೆ ಇರುವ ಗ್ಯಾಸನ್ನೂ ಬಿಡುವುದಿಲ್ಲ. ಅದಕ್ಕೇ ಬಾವಿಯವರು ಭಾವನ "ಬಂತು" ಎಂಬ ಒಂದು ಮಾತಿಗೆ ಕಾಯುತ್ತಿದ್ದರು. ಭಾವ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿರುತ್ತಿದ್ದರು. ಮಂಜು ಕಂಡ ಕೂಡಲೇ "ಬಂತು" ಎನ್ನುವರು, ಅಂಕಿ ಬರೆದುಕೊಳ್ಳುವರು. ಆಮೇಲೆ ಒತ್ತಡವನ್ನು ಮತ್ತೆ ಏರಿಸಿ, ಮಂಜು ಪೂರ್ತಿ ಕರಗಿದಾಗ "ಹೋಯ್ತು" ಎನ್ನುವರು. ಬಂದ ಅಂಕಿ, ಹೋದ ಅಂಕಿ ತಾಳೆಯಾಗಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಇಂಥವರಿಗೇ ಇರಬೇಕು.

ಇನ್ನು ನನ್ನ ವಿಷಯ. ನಾನು ಮದುವೆಯಾಗದೆ ಅಕ್ಕನ ಮನೆಯಲ್ಲೇ ಉಳಿದವಳು. ಬೀದಿ ಕಡೆಯ ಕೋಣೆಯಲ್ಲಿ ನನ್ನ ಹೊಲಿಗೆ ಅಂಗಡಿ. ನಲವತ್ತು ದಾಟಿದ ಮೇಲೆ ಸೂಜಿಗೆ ದಾರ ಪೋಣಿಸುವುದು ನನ್ನಿಂದಾಗದ ಕೆಲಸವಾಯಿತು. ಆಗ ಅದನ್ನು ಭಾವ ವಹಿಸಿಕೊಂಡರು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಬಾಗಿಲ ಬಳಿ ನಿಂತು, ಬೆಳಕಿಗೆ ಸೂಜಿ ಹಿಡಿದು, ಬಣ್ಣಬಣ್ಣದ ದಾರ ಪೋಣಿಸಿ ನನ್ನ ಸೂಜಿದಿಂಬಿಗೆ ಸಾಲಾಗಿ ಚುಚ್ಚಿಟ್ಟು ಹೋಗುತ್ತಿದ್ದರು. ನಾಲಿಗೆಗೆ ದಾರ ತಾಗಿಸುವುದಿಲ್ಲ, ಕಣ್ಣು ಕಿರಿದು ಮಾಡುವುದಿಲ್ಲ, ಮೊದಲ ಸಲಕ್ಕೇ ಹೋಗುತ್ತಿತ್ತು. ಅಷ್ಟು ಜಂಬ ಆ ಕಣ್ಣುಗಳ ಬಗ್ಗೆ!

"ನಿಂಗೆ ಒಂದು ಸೂಜಿ ಇದ್ರೆ ನಂಗೂ ಒಂದಿದೆ," ಎನ್ನುತ್ತಿದ್ದರು. ಅವರ ಸೂಜಿ ಡಬ್ಬಿಯೊಳಗಿತ್ತು. ಗ್ಯಾಸಿನ ನಡುವೆ ಆ ಸೂಜಿಯ ತುದಿಯಿಂದ ದ್ರವದ ಒಂದು ಹನಿಯನ್ನು ಇಳಿಬಿಡುವುದು, ಅದರ ಆಕಾರ ನೋಡಿ ಅದರ ಮೈ ಎಷ್ಟು ಬಿಗಿಯಾಗಿದೆ ಎಂದು ಲೆಕ್ಕ ಹಾಕುವುದು. ಗ್ಯಾಸಿಗೂ ದ್ರವಕ್ಕೂ ವ್ಯತ್ಯಾಸ ಜಾಸ್ತಿ ಇದ್ದರೆ ನಡುವಿನ ಪೊರೆ ಬಿಗಿ, ಹನಿ ಗುಂಡಗೆ ತೂಗುತ್ತದೆ. ಎರಡೂ ಹೆಚ್ಚುಕಡಿಮೆ ಒಂದೇ ಥರ ಇದ್ದರೆ ಪೊರೆ ಇದ್ದೂ ಇಲ್ಲದಂತೆ. ಹನಿ ನಿಲ್ಲುವುದೇ ಇಲ್ಲ, ನೂಲಿನಂತೆ ಜಾರಿಹೋಗುತ್ತದೆ. ಬಿಗಿ ಇಲ್ಲದ ಹೊಲಿಗೆ ಬಿಟ್ಟುಕೊಳ್ಳುತ್ತದಲ್ಲ, ಹಾಗೆ ಎಂದುಕೊಂಡು ನಾನು ಸುಮ್ಮನಾದೆ.

ಎಲ್ಲಾ ಸರಿಯಾಗಿತ್ತು. ಆಮೇಲೆ ಮನೆಯ ದೀಪಗಳು ಮಂಕಾಗತೊಡಗಿದವು.

ಮಂಕಾಗಿವೆ ಎಂದವರು ಭಾವ ಒಬ್ಬರೇ. ಊಟದ ಕೋಣೆಯ ಬಲ್ಬು ಬದಲಾಯಿಸಿದರು. ಆಮೇಲೆ ಬಚ್ಚಲುಮನೆಯದು. ಕನ್ನಡಿ ಒರೆಸಿಲ್ಲ ಎಂದು ಅಕ್ಕನ ಮೇಲೆ ಕೂಗಾಡಿದರು. ಕನ್ನಡಕವನ್ನು ಅಂಗಿಯ ಅಂಚಿನಿಂದ ಒರೆಸಿ ಒರೆಸಿ ಅಂಗಿಯೇ ಸವೆಯಿತು. ಬಿಳಿ ಬಟ್ಟೆ ತಂದರೆ "ಯಾಕೆ ಇಷ್ಟು ಹಳದಿ?" ಎನ್ನುವರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ಮೂಗಿನ ತುದಿಯಲ್ಲೇ ಕೋಪ, ಆದರೂ ಸ್ವಲ್ಪ ದಿನ ತಡೆದುಕೊಂಡೆ.

ಒಂದು ಬೆಳಿಗ್ಗೆ ನೋಡುತ್ತೇನೆ, ಸೂಜಿಗಳೆಲ್ಲ ದಿಂಬಿನಲ್ಲಿ ಸಾಲಾಗಿವೆ, ಪಕ್ಕದಲ್ಲೇ ದಾರವನ್ನೂ ಚೆನ್ನಾಗಿ ಹಾಸಿದ್ದಾರೆ. ಒಂದರಲ್ಲೂ ದಾರ ಕಣ್ಣಿನೊಳಗೆ ಹೋಗಿಲ್ಲ. ಪೋಣಿಸಿದೆ ಅಂದುಕೊಂಡು ಪಕ್ಕದಲ್ಲೇ ಚುಚ್ಚಿಟ್ಟಿದ್ದರು. ಸಂಜೆ ಭಾವ ಬಂದ ಕೂಡಲೇ ಎದುರಿಗೆ ಹೋಗಿ ನಿಂತೆ.

"ಭಾವ, ನಾಳೆ ಕಣ್ಣಿನ ಡಾಕ್ಟ್ರ ಹತ್ರ ಹೋಗಿ."

"ಯಾರಿಗೆ? ನಂಗಾ? ಕಂಪನಿ ಡಾಕ್ಟ್ರು ಪ್ರತಿ ವರ್ಷ ನೋಡ್ತಾರೆ. ಕೊನೇ ಸಾಲಿನ ತನಕ ಓದ್ತೀನಿ ನಾನು."

"ಆ ಹಲಗೆ ನೀವು ಕೆಲಸಕ್ಕೆ ಸೇರಿದಾಗಿನಿಂದ ಬದಲಾಗಿಲ್ಲ ಅಂತ ನೀವೇ ಹೇಳಿದ್ರಿ. ಅಕ್ಷರ ಬಾಯಿಪಾಠ ಆಗಿದೆ ನಿಮಗೆ."

ಭಾವ ಗಂಟಲು ಏರಿಸಿ, "ಸೂಜಿ ನಿಂದು, ದಾರ ನಿಂದು, ನಾಳೆಯಿಂದ ನೀನೇ ಪೋಣಿಸ್ಕೋ" ಎಂದು ಒಳಗೆ ಹೋದರು. ಅವರು ನನ್ನ ಜೊತೆ ಹಾಗೆ ಮಾತಾಡಿದ್ದು ಅದೇ ಮೊದಲು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಅವರಿಗೂ ಗೊತ್ತಾಗಿತ್ತು. ಪರೀಕ್ಷೆ ಮಾಡಿಸಿದರೆ ಕಿಟಕಿಯ ಕುರ್ಚಿ ಹೋಗುತ್ತದೆ ಎಂಬ ಹೆದರಿಕೆ. ಆ ಕುರ್ಚಿ ಬಿಟ್ಟರೆ ಭಾವನಿಗೆ ಇನ್ನೊಂದು ಕೆಲಸ ಬಾರದು, ಬಂದರೂ ಬೇಡ.

ಇದರ ನಡುವೆಯೇ ದೊಡ್ಡ ಬಾವಿಯ ಸ್ಯಾಂಪಲ್ ಬಂತು. ಹೊಸ ಜಾಗ, ತುಂಬ ಆಳ. ಉಳಿದ ಸ್ಯಾಂಪಲ್‌ಗಳಲ್ಲಿ ಇಬ್ಬನಿ ಬಂದ ಸ್ವಲ್ಪ ಹೊತ್ತಿಗೆ ತಳದಲ್ಲಿ ದ್ರವ ಕೂಡುತ್ತದೆ. ಕಣ್ಣು ಸ್ವಲ್ಪ ಮಂಜಾದವರಿಗೂ ಗೊತ್ತಾಗುತ್ತದೆ. ಇದು ಹಾಗಲ್ಲ. ಇದರಲ್ಲಿ ಗ್ಯಾಸಿಗೂ ದ್ರವಕ್ಕೂ ವ್ಯತ್ಯಾಸ ಎಷ್ಟು ಕಡಿಮೆ ಎಂದರೆ ನಡುವಿನ ಪೊರೆಯ ಬಿಗುವು ಇಲ್ಲವೇ ಇಲ್ಲ ಎನ್ನಬೇಕು. ಒತ್ತಡ ಇಳಿಸುತ್ತ ಬಂದಂತೆ ಒಳಗೆಲ್ಲ ಜೇನಿನ ಬಣ್ಣ ತಿರುಗುತ್ತದೆ, ಆಮೇಲೆ ಒಂದು ತೆಳು ಮಬ್ಬು. ಹನಿ ಇಲ್ಲ, ಗೆರೆ ಇಲ್ಲ. ಆ ಬಣ್ಣ ಎಲ್ಲಿ ಮುಗಿಯಿತು, ಮಬ್ಬು ಎಲ್ಲಿ ಶುರುವಾಯಿತು ಎಂದು ಹೇಳಲು ಒಳ್ಳೆಯ ಕಣ್ಣೇ ಬೇಕು. ಭಾವ ಆವತ್ತು "ಬಂತು" ಎಂದರು, ಆಮೇಲೆ "ಹೋಯ್ತು" ಎಂದರು, ಎರಡು ಅಂಕಿಯೂ ತಾಳೆಯಾದವು, ಸಹಿ ಹಾಕಿದರು. ರಿಪೋರ್ಟು ಬಾವಿಯವರಿಗೆ ಹೋಯಿತು. ಇಬ್ಬನಿ ಅಷ್ಟು ಮೇಲಿನ ಒತ್ತಡದಲ್ಲೇ ಶುರುವಾಗುವುದಾದರೆ ಗ್ಯಾಸನ್ನು ವಾಪಸ್ ನೆಲದೊಳಗೆ ತುಂಬಿ ಒತ್ತಡ ಕಾಯಬೇಕು, ಅದಕ್ಕೆ ಮನೆಯಷ್ಟು ದೊಡ್ಡ ಯಂತ್ರ ತರಿಸಬೇಕು ಎಂದು ಅವರು ಸಭೆ ಕರೆದರು.

ಆ ಹೊತ್ತಿಗೆ ಪ್ರಯೋಗಾಲಯಕ್ಕೆ ಹೊಸ ಮುಖ್ಯಸ್ಥೆ ಬಂದಿದ್ದರು. ವಯಸ್ಸಿನಲ್ಲಿ ಚಿಕ್ಕವರು, ಮಾತು ಕಡಿಮೆ. ಎಲ್ಲರೂ ಮೇಡಂ ಎನ್ನುತ್ತಿದ್ದರು, ನಾನೂ ಹಾಗೇ ಎನ್ನುತ್ತೇನೆ. ಅವರು ಲೆಕ್ಕ ಹಾಕಿ ನೋಡಿದರೆ ದೊಡ್ಡ ಬಾವಿಯ ಇಬ್ಬನಿ ಅಷ್ಟು ಮೇಲೆ ಬರಬಾರದು. ಲೆಕ್ಕವೇ ತಪ್ಪಿರಬಹುದು, ಇಂಥ ಗ್ಯಾಸಿನಲ್ಲಿ ಲೆಕ್ಕ ತಪ್ಪುವುದೂ ಉಂಟಂತೆ. ಅವರು ಯಾರಿಗೂ ಏನೂ ಹೇಳಲಿಲ್ಲ. ಒತ್ತಡದ ಮೀಟರನ್ನು ಕಿಟಕಿಯ ಪಕ್ಕದಿಂದ ಕೀಳಿಸಿ ತಮ್ಮ ಮೇಜಿನ ಮೇಲೆ, ಕಿಟಕಿಗೆ ಬೆನ್ನು ಮಾಡಿ ಇಡಿಸಿದರು. ನೋಡುವವರಿಗೆ ಅಂಕಿ ಕಾಣಬಾರದು, ಅಂಕಿ ಓದುವವರಿಗೆ ಕಿಟಕಿ ಕಾಣಬಾರದು. ಇನ್ನು ಮೇಲೆ ಹೀಗೇ ಎಂದರು.

ಮುಂದೆ ಆದದ್ದನ್ನು ನಾನು ಭಾವನ ಬಾಯಿಂದಲೂ ಕೇಳಿದ್ದೇನೆ, ಮೇಡಂ ಬಾಯಿಂದಲೂ ಕೇಳಿದ್ದೇನೆ. ಎರಡೂ ತಾಳೆಯಾಗುತ್ತವೆ.

ದೊಡ್ಡ ಬಾವಿಯದೇ ಇನ್ನೊಂದು ಸ್ಯಾಂಪಲ್. ಒತ್ತಡ ಏರಿಸಿ ಇಳಿಸುವ ಪಂಪಿನ ಪಕ್ಕದ ಮೇಜಿನಲ್ಲಿ ಮೇಡಂ, ಕಿಟಕಿಯ ಬಳಿ ಭಾವ. ಒತ್ತಡ ಇಳಿಯುತ್ತ ಬಂತು. ಜೇನಿನ ಬಣ್ಣ ಕಂಡ ಸ್ವಲ್ಪ ಹೊತ್ತಿಗೆ ಭಾವ, "ಬಂತು" ಎಂದರು.

ಮೇಡಂ ಬರೆದುಕೊಂಡರು. "ಈಗ ಏರಿಸ್ತೀನಿ. ಮಂಜು ಹೋದಾಗ ಹೇಳಿ."

ಪಂಪು ಗುಂಯ್‌ಗುಡತೊಡಗಿತು. ಭಾವನಿಗೆ ಅಭ್ಯಾಸಬಲದಿಂದ ಕಣ್ಣು ಎಡಕ್ಕೆ ಹೋಯಿತು. ಅಲ್ಲಿ ಮೀಟರಿಲ್ಲ, ಗೋಡೆಯಲ್ಲಿ ನಾಲ್ಕು ಮೊಳೆಯ ತೂತು. ಆಗ ಅವರಿಗೆ ತಾವು ಇಷ್ಟು ಕಾಲ ಏನು ಮಾಡುತ್ತಿದ್ದೆವು ಎಂಬುದು ಹೊಳೆಯಿತಂತೆ. ವರ್ಷಗಟ್ಟಲೆ ಎರಡು ಅಂಕಿಗಳೂ ಸೇರುತ್ತಲೇ ಬಂದಿದ್ದರಿಂದ, ವಾಪಸ್ ಏರುವಾಗ ಕಿಟಕಿ ನೋಡುವುದು ಯಾವಾಗಲೋ ನಿಂತುಹೋಗಿತ್ತು. ಮೀಟರು ಮೊದಲಿನ ಅಂಕಿಗೆ ಬಂದ ಕೂಡಲೇ ಬಾಯಿ ತಾನಾಗಿ "ಹೋಯ್ತು" ಎನ್ನುತ್ತಿತ್ತು. ಯಾರಿಗೂ ಮೋಸ ಮಾಡಬೇಕೆಂದಲ್ಲ. ದಿನಾ ನಡೆದ ದಾರಿಯಲ್ಲಿ ಕಾಲು ತಾನಾಗಿ ತಿರುಗುತ್ತದಲ್ಲ, ಅಷ್ಟೇ.

"ಹೋಯ್ತಾ?" ಎಂದರು ಮೇಡಂ.

"ಇನ್ನೂ ಇಲ್ಲ."

ಭಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮಂಜು ಅಲ್ಲೇ ಇತ್ತು. ಒತ್ತಡ ಏರುತ್ತಲೇ ಇತ್ತು. ಗಾಜಿನ ಹತ್ತಿರ ಹೋದರೂ ಇತ್ತು, ಹಿಂದೆ ಸರಿದರೂ ಇತ್ತು.

"ಬಂತಣ್ಣ, ಹೋಯ್ತಾ?"

ಹೋಯ್ತು ಎಂದುಬಿಟ್ಟಿದ್ದರೆ ಮುಗಿದಿತ್ತು. ಪಂಪಿನ ಸದ್ದು ಕೇಳಿಯೇ ಒತ್ತಡ ಎಲ್ಲಿದೆ ಎಂದು ಅಂದಾಜು ಮಾಡಬಲ್ಲ ಮನುಷ್ಯ ಅವರು. ಸ್ವಲ್ಪ ಹೆಚ್ಚುಕಡಿಮೆ ಮೊದಲಿನ ಅಂಕಿಗೇ ಕೂರಿಸುತ್ತಿದ್ದರು. ಕುರ್ಚಿ ಉಳಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು ಎಂದು ಭಾವ ನನಗೆ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

"ಗೊತ್ತಾಗ್ತಿಲ್ಲ ಮೇಡಂ," ಎಂದರು. "ಪಂಪ್ ನಿಲ್ಸಿ. ನನಗೆ ಮಂಜು ಹೋಗ್ತಾನೇ ಇಲ್ಲ."

ಮೇಡಂ ಎದ್ದು ಬಂದು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮೆತ್ತಗೆ, "ಒಳಗೆ ಏನೂ ಇಲ್ಲ ಬಂತಣ್ಣ. ತಿಳಿಯಾಗಿದೆ" ಎಂದರು.

"ಹಾಗಾದ್ರೆ ಅದು ನನ್ನ ಕಣ್ಣಲ್ಲಿದೆ."

ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎನ್ನುತ್ತಾರೆ. ಕಾಮಾಲೆಯವನಿಗೆ ಅದು ತಾನಾಗಿ ತಿಳಿಯುವುದಿಲ್ಲ, ಯಾರಾದರೂ ಹೇಳಬೇಕು. ಭಾವ ತಾವೇ ಹೇಳಿಕೊಂಡರು. ಅಲ್ಲಿಗೂ ನಿಲ್ಲಲಿಲ್ಲ. ಯಾರೂ ಕೇಳದಿದ್ದರೂ, "ಮೇಡಂ, ದೊಡ್ಡ ಬಾವಿಯ ಹಳೇ ರಿಪೋರ್ಟೂ ನಂದೇ. ಅದನ್ನೂ ನಂಬಬೇಡಿ. ಅವತ್ತು ವಾಪಸ್ ಏರ್ಸುವಾಗ ನಾನು ಕಿಟಕಿ ನೋಡ್ಲಿಲ್ಲ, ಮೀಟರ್ ನೋಡಿ ಹೋಯ್ತು ಅಂದೆ. ಸಭೆ ನಿಲ್ಸೋಕೆ ಹೇಳಿ" ಎಂದರು. ಎದ್ದು, ಕುರ್ಚಿಯನ್ನು ಮೇಜಿನ ಕೆಳಗೆ ಸರಿಸಿ, ಊಟದ ಡಬ್ಬಿ ತೆಗೆದುಕೊಂಡು ಮನೆಗೆ ಬಂದುಬಿಟ್ಟರು.

ಮಧ್ಯಾಹ್ನದ ಹೊತ್ತಿನಲ್ಲಿ ಭಾವ ಬಾಗಿಲಲ್ಲಿ ನಿಂತದ್ದನ್ನು ಕಂಡು ನನ್ನ ಕೈಯಲ್ಲಿದ್ದ ಕತ್ತರಿ ಹಾಗೇ ನಿಂತಿತು. ಚಪ್ಪಲಿ ಬಿಚ್ಚುವ ಮೊದಲೇ ಎಲ್ಲವನ್ನೂ ಹೇಳಿದರು. "ನಾನು ಅವತ್ತೇ ಹೇಳಿರಲಿಲ್ಲವಾ" ಎನ್ನಲು ಎಷ್ಟೋ ದಿನದಿಂದ ಸಿದ್ಧವಾಗಿದ್ದವಳು, ಅವರ ಮುಖ ನೋಡಿ ನುಂಗಿಕೊಂಡೆ.

"ಕುರ್ಚಿ ಹೋಯ್ತು ಕಣೇ," ಎಂದರು ಅಕ್ಕನಿಗೆ.

ಅಕ್ಕ ಸೆರಗಿಗೆ ಕೈ ಒರೆಸಿಕೊಂಡಳು. "ಕಣ್ಣು ಕೆಟ್ರೆ ಡಾಕ್ಟ್ರಿದಾರೆ, ಕರ್ಕೊಂಡು ಹೋಗ್ತೀನಿ. ನೀವು ಸುಳ್ಳು ಹೇಳಿ ಬಂದಿದ್ರೆ ಎಲ್ಲಿಗೆ ಕರ್ಕೊಂಡು ಹೋಗ್ಲಿ ಹೇಳಿ? ಕೈಕಾಲು ತೊಳ್ಕೊಳ್ಳಿ, ಟೀ ಇಡ್ತೀನಿ." ಅಷ್ಟೇ. ಕಲ್ಲು ಹಾಗಿದ್ದಳು.

ಹೊರಗಿನ ಡಾಕ್ಟರ ಹಲಗೆ ಬೇರೆ ಇತ್ತು. ಭಾವ ಎರಡನೆಯ ಸಾಲಿನಲ್ಲೇ ತಡವರಿಸಿದರು. ಎರಡು ಕಣ್ಣಿಗೂ ಪೊರೆ ಬಂದಿದೆ, ದೀಪಕ್ಕೆ ಎದುರಾಗಿ ನೋಡುವಾಗ ಎಲ್ಲಾ ಮಂಜಾಗಿ, ಹಳದಿಯಾಗಿ ಕಾಣುತ್ತದೆ ಎಂದರು ಡಾಕ್ಟರು. "ಇಂಥ ಕಣ್ಣಿಟ್ಕೊಂಡು ಏನು ಕೆಲಸ ಮಾಡ್ತಿದ್ರಿ?" ಎಂದು ಕೇಳಿದರು. ಭಾವ, "ದೀಪಕ್ಕೆ ಎದುರಾಗಿ ನೋಡ್ತಿದ್ದೆ" ಎಂದರು. ನನಗೆ ನಗುವೂ ಬಂತು, ಸಂಕಟವೂ ಆಯಿತು.

ಅತ್ತ ಪ್ರಯೋಗಾಲಯದಲ್ಲಿ ಮೇಡಂ ಡಬ್ಬಿಗೆ ಒಂದು ಕ್ಯಾಮೆರಾ ಹಾಕಿಸಿದರು. ದೊಡ್ಡ ಬಾವಿಯ ಸ್ಯಾಂಪಲನ್ನು ಮತ್ತೆ ನೋಡಿದರು. ನಿಜವಾದ ಇಬ್ಬನಿ ಭಾವ ಹೇಳಿದ್ದಕ್ಕಿಂತ ಬಹಳ ಕೆಳಗಿತ್ತು; ಅವರು ಬಣ್ಣ ತಿರುಗಿದ್ದನ್ನೇ ಮಂಜು ಎಂದುಕೊಂಡಿದ್ದರು. ಸಭೆ ನಿಂತಿತು, ಯಂತ್ರ ಬೇಡವಾಯಿತು. ಬಾವಿಯವರು ಫೋನಿನಲ್ಲಿ ಕೆಂಡ ಕಾರಿದರಂತೆ. ಮೇಡಂ, "ಅಂಕಿ ಕಾಣೋ ಜಾಗದಲ್ಲಿ ಕೂರಿಸಿದ್ದು ನಮ್ಮ ತಪ್ಪು, ಹೇಳಿದ್ದು ಅವರ ಒಳ್ಳೇತನ" ಎಂದು ಫೋನಿಟ್ಟರಂತೆ. ಒಳ್ಳೆಯ ಹೆಂಗಸು. ಆದರೆ ಕುರ್ಚಿಯ ಬಗ್ಗೆ ಮಾತು ಕೊಡಲಿಲ್ಲ. "ಆಪರೇಷನ್ ಆಗ್ಲಿ, ನೋಡೋಣ" ಎಂದಷ್ಟೇ ಹೇಳಿ ಕಳಿಸಿದರು. ಕೆಲಸ ಹೋಗುವ ಭಯವೇನೂ ಇರಲಿಲ್ಲ, ಉಗ್ರಾಣದಲ್ಲಿ ಸಿಲಿಂಡರಿಗೆ ಚೀಟಿ ಅಂಟಿಸುವ ಕೆಲಸ ಯಾವಾಗಲೂ ಇರುತ್ತದೆ. ಭಾವನಿಗೆ ಬೇಕಾದದ್ದು ಕಿಟಕಿ.

ಮೊದಲು ಒಂದು ಕಣ್ಣು, ಕೆಲವು ವಾರ ಬಿಟ್ಟು ಇನ್ನೊಂದು. ಅಷ್ಟು ದಿನವೂ ಅಕ್ಕ ಒಂದು ಹನಿ ಕಣ್ಣೀರು ಹಾಕಲಿಲ್ಲ. ಆಸ್ಪತ್ರೆಯ ಚೀಟಿ, ಔಷಧಿ, ಹತ್ತಿ, ಎಲ್ಲಾ ಅವಳದೇ ಕಾರುಬಾರು. ಕಣ್ಣಿಗೆ ಔಷಧಿ ಬಿಡುವಾಗ ಮಾತ್ರ ಜಗಳ. ಭಾವ ತಲೆ ಹಿಂದಕ್ಕೆ ಹಾಕಿ, ಬಾಟಲಿಯ ತುದಿಯಲ್ಲಿ ತೂಗುವ ಹನಿಯನ್ನೇ ನೋಡುತ್ತ ಪಾಠ ಶುರುಮಾಡುತ್ತಿದ್ದರು.

"ನೋಡೇ, ಹೊಟ್ಟೆ ಬಂತು. ಈಗ ಕತ್ತು ಸಣ್ಣ ಆಗ್ತಿದೆ. ಒಳ್ಳೇ ಬಿಗಿ ಇದೆ ಇದಕ್ಕೆ, ಅಷ್ಟು ಸುಲಭಕ್ಕೆ ಬೀಳಲ್ಲ..."

"ಬಾಯಿ ಮುಚ್ಚಿ, ಕಣ್ಣು ಬಿಡಿ," ಎನ್ನುತ್ತಿದ್ದಳು ಅಕ್ಕ.

ಎರಡನೆಯ ಕಣ್ಣಿನ ಕಟ್ಟು ಬಿಚ್ಚಿದ ದಿನ ಡಾಕ್ಟರು ಹಲಗೆ ಓದಿಸಿದರು. ಭಾವ ಕೊನೆಯ ಸಾಲಿನ ತನಕ, ಈ ಸಲ ನಿಜವಾಗಿ, ಓದಿದರು. ಮನೆಗೆ ಬಂದು ಎಲ್ಲರೂ ಕೂತ ಮೇಲೆ ಅಕ್ಕ ಇದ್ದಕ್ಕಿದ್ದಂತೆ ಬಿಕ್ಕಿ ಬಿಕ್ಕಿ ಅತ್ತಳು. ಭಾವ ಅವಳ ಬೆನ್ನ ಮೇಲೆ ಕೈಯಿಟ್ಟು ನನ್ನ ಕಡೆ ನೋಡಿ, "ಬಂತು" ಎಂದರು. ಅಕ್ಕ ಅಳುತ್ತಲೇ ಅವರ ತೋಳಿಗೆ ಒಂದು ಗುದ್ದಿದಳು.

ಮೇಡಂ ಕರೆಸಿದ ದಿನ ಭಾವನ ಜೊತೆ ನಾನು ಹೋದೆ. ಅಕ್ಕನಿಗೆ ಮಂಡಿ ನೋವು, ಬಸ್ಸು ಹತ್ತಲಾರಳು. ಆ ಜಾಗವನ್ನು ನಾನು ಅಲ್ಲಿಯ ತನಕ ಕಂಡಿರಲಿಲ್ಲ. ಉದ್ದನೆಯ ಕೋಣೆ, ನೆಲದ ಮೇಲೆ ಹಳದಿ ಗೆರೆ, ಬಿಸಿ ಕಬ್ಬಿಣದ ವಾಸನೆ, ಎಲ್ಲೋ ಒಂದು ಫ್ಯಾನು ಸುಮ್ಮನೆ ತಿರುಗುವ ಸದ್ದು. ನನಗೆ ಗೆರೆಯ ಈಚೆ ಒಂದು ಸ್ಟೂಲು ಕೊಟ್ಟರು. ಕಿಟಕಿಯ ಎದುರಿನ ಕುರ್ಚಿಯ ದಿಂಬು ಭಾವನ ಮೈಯ ಅಳತೆಗೇ ತಗ್ಗಾಗಿತ್ತು. ಆ ದಿಂಬಿನ ಗವಸನ್ನು ಹೊಲಿದುಕೊಟ್ಟವಳು ನಾನೇ.

ಮೇಡಂ ಕ್ಯಾಮೆರಾದ ಪರದೆಗೆ ಒಂದು ಬಟ್ಟೆ ಮುಚ್ಚಿದರು. "ಬಂತಣ್ಣ, ನೇರವಾಗೇ ಹೇಳ್ತೀನಿ. ಕ್ಯಾಮೆರಾ ಇನ್ಮೇಲೆ ಇಲ್ಲೇ ಇರತ್ತೆ. ಅದು ಒಂದು ಕಣ್ಣು, ನೋಡೋರು ಇನ್ನೊಂದು. ಎರಡೂ ತಾಳೆ ಆದ್ರೆ ಮಾತ್ರ ರಿಪೋರ್ಟು. ಇವತ್ತು ದೊಡ್ಡ ಬಾವಿದೇ ಸ್ಯಾಂಪಲ್ ಹಾಕಿದೀನಿ. ತಾಳೆ ಆಗಲಿಲ್ಲ ಅಂದ್ರೆ ನಾನು ನಿಮ್ಮನ್ನ ಈ ಕುರ್ಚೀಲಿ ಕೂರಿಸೋಕೆ ಆಗಲ್ಲ."

"ಸರಿ ಮೇಡಂ. ಅದೇ ನ್ಯಾಯ," ಎಂದು ಭಾವ ಕೂತರು.

ಒತ್ತಡ ಇಳಿಯತೊಡಗಿತು. ಎಷ್ಟು ಹೊತ್ತಾಯಿತೋ ತಿಳಿಯದು. ಮೇಡಂ ಮೀಟರು ನೋಡುತ್ತಿದ್ದರು, ಭಾವ ಕಿಟಕಿ ನೋಡುತ್ತಿದ್ದರು, ನಾನು ಭಾವನ ಬೆನ್ನು ನೋಡುತ್ತಿದ್ದೆ. ಗಾಜಿನ ಅಂಚಿನಲ್ಲಿ ಜೇನಿನ ಬಣ್ಣ ನನಗೂ ಕಂಡಿತು. ಇಗೋ ಈಗ ಹೇಳುತ್ತಾರೆ ಎಂದುಕೊಂಡೆ. ಹೇಳಲಿಲ್ಲ. ಒತ್ತಡ ಮತ್ತೂ ಇಳಿಯಿತು. ಬಾಯಿಬಿಟ್ಟು ಕೂಗಿಬಿಡುತ್ತೇನೋ ಎಂದು ತುಟಿ ಕಚ್ಚಿ ಹಿಡಿದೆ.

"ಬಂತು."

ಮೇಡಂ ಬರೆದುಕೊಂಡರು. ಅದು ದೊಡ್ಡ ಮಾತಲ್ಲ ಎಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಬಂತು ಎನ್ನುವುದು ಮಂಜುಗಣ್ಣಿನಿಂದಲೂ ಆಗುತ್ತದೆ. ಪಂಪು ದಿಕ್ಕು ಬದಲಿಸಿತು, ಒತ್ತಡ ಏರತೊಡಗಿತು. ಈ ಸಲ ಮೇಡಂ "ಹೋಯ್ತಾ?" ಎಂದು ಒಮ್ಮೆಯೂ ಕೇಳಲಿಲ್ಲ. ಭಾವ ಎಡಗಡೆ ಒಮ್ಮೆಯೂ ನೋಡಲಿಲ್ಲ. ಎರಡು ಕೈಯನ್ನೂ ಮಂಡಿಯ ಮೇಲೆ ಊರಿ, ಉಸಿರು ಬಿಗಿಹಿಡಿದು ಕೂತಿದ್ದರು.

"ಹೋಯ್ತು," ಎಂದರು ಭಾವ. ಸಣ್ಣ ದನಿಯಲ್ಲಿ, ನನಗೆ ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ. "ಪೂರ್ತಿ ಹೋಯ್ತು ಮೇಡಂ."

ಮೇಡಂ ಬಟ್ಟೆ ತೆಗೆದು ಪರದೆಯನ್ನು ನೋಡಿದರು. ತಾವು ಬರೆದುಕೊಂಡದ್ದನ್ನು ನೋಡಿದರು. ಮತ್ತೊಮ್ಮೆ ಪರದೆಯನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಮೊದಲ ಸಲ ನಕ್ಕು, "ತಾಳೆ ಆಯ್ತು" ಎಂದರು. "ನಾಳೆ ಬೆಳಿಗ್ಗೆ ಹೊಸ ಸ್ಯಾಂಪಲ್ ಬರತ್ತೆ ಬಂತಣ್ಣ, ಬೇಗ ಬನ್ನಿ."

ನನಗೆ ಆಗಿದ್ದ ಸಂತೋಷಕ್ಕೆ ಸ್ಟೂಲಿನಿಂದ ಎದ್ದೇಬಿಟ್ಟೆ. ಭಾವ ಏಳಲಿಲ್ಲ. ಮೇಡಂ ದೀಪ ಆರಿಸಲು ಕೈ ಚಾಚಿದರೆ, ಒಂದು ಕೈಯೆತ್ತಿ ತಡೆದರು. ಕಿಟಕಿಗೆ ಮುಖ ಕೊಟ್ಟು ಹಾಗೇ ಕೂತಿದ್ದರು. ಒಳಗೆ ದೀಪದ ಬೆಳಕು ಬಿಟ್ಟರೆ ಬೇರೇನೂ ಇರಲಿಲ್ಲ.

"ಭಾವ, ಮನೇಲಿ ಅಕ್ಕ ಕಾಯ್ತಿರ್ತಾಳೆ. ಬಸ್ಸು ಹೋಗತ್ತೆ," ಎಂದೆ.

"ಇರು ತಾಯಿ, ಮುಂದಿನ ಬಸ್ಸಿಗೆ ಹೋಗೋಣ," ಎಂದರು ಭಾವ. "ಇದರೊಳಗೆ ಏನೂ ಇಲ್ಲದೇ ಇರೋದನ್ನ ನೋಡಿ ಎಷ್ಟು ದಿನ ಆಗಿತ್ತು."